ರಾಯಭಾರಿಯ ಕೊನೆಯ ಅಧ್ಯಾಯ

ಆ ಭಾನುವಾರ ಅಹಮದಾಬಾದಿನ ಮಣಿನಗರದ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ನನ್ನ ಗಂಡ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬರೆಯುತ್ತಿದ್ದರು. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಹಿಡಿದದ್ದು ಇದೊಂದೇ ಕೆಲಸ: ತುರ್ಕಿಯ ಒಬ್ಬ ರಾಯಭಾರಿಯ ಜೀವನಚರಿತ್ರೆ.

"ಹಾಲು ಮುಗದದ. ನಿಮ್ಮ ರಾಯಭಾರಿ ಮನಿಗೆ ಹಾಲು ತರತಿದ್ದನೋ ಇಲ್ಲೋ?"

"ತರತಿದ್ದ. ಅವನ ಹೆಂಡತಿ ಬರಿಯೂಮುಂದ ಮಾತಾಡಸತಿರಲಿಲ್ಲ, ಅದಕ್ಕ ತರತಿದ್ದ."

ಆ ರಾಯಭಾರಿ ಕಾದಂಬರಿಕಾರನೂ ಹೌದು. ಇಲ್ಲಿನ ನದಿ ದಂಡೆಯ ಭಾನುವಾರದ ಸಂತೆಯಲ್ಲಿ ಆತನ ಪುಸ್ತಕವೊಂದು ಇಂಗ್ಲಿಷಿನಲ್ಲಿ ಇವರಿಗೆ ಸಿಕ್ಕಿತ್ತು. ವೀಸಾಗಳಿಗೆ ಮುದ್ರೆ ಒತ್ತುವ ಕೆಲಸದಿಂದ ಆರಂಭಿಸಿ, ದೇಶದಿಂದ ದೇಶಕ್ಕೆ ವರ್ಗವಾಗುತ್ತ, ಕೊನೆಗೆ ರಾಯಭಾರಿಯಾದವನು. ಹೋದ ಊರಲ್ಲೆಲ್ಲ ಕಚೇರಿ ತೆರೆಯುವ ಮೊದಲು ಒಂದು ಗಂಟೆ ಬರೆಯುತ್ತಿದ್ದ. ಸೂರತ್, ವಡೋದರಾ, ಅಹಮದಾಬಾದ್ ಎಂದು ಟ್ರಂಕು ಕಟ್ಟಿ ಬಿಚ್ಚಿದ ನಮ್ಮವರಿಗೆ ಆತ ಹಿಡಿಸಿದ್ದು ಸಹಜ. ಆದರೆ ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಆತ ಒಂದು ಸಾಲನ್ನೂ ಬರೆಯಲಿಲ್ಲ. ಏಕೆ ಎಂಬುದು ಇವರನ್ನು ಎರಡು ವರ್ಷ ಕಾಡಿತು.

ಆ ಸಂಜೆ ಪೆನ್ನು ಮುಚ್ಚಿ, "ಸಿಕ್ತು ನೋಡು, ಯಾಕ ಬಿಟ್ಟ ಅಂತ" ಎಂದರು.

"ಯಾಕಂತ?"

"ನಾಳೆ ಹೇಳತೀನಿ, ಬರಕೋ."

ನಮ್ಮ ಪದ್ಧತಿಯೇ ಹಾಗೆ. ಅವರ ಕರಡು ಹಳೆಯ ವಿಮಾ ಅರ್ಜಿಗಳ ಖಾಲಿ ಹಿಂಬದಿಯಲ್ಲಿ. ಅದನ್ನು ಓದಿ ಹೇಳುವರು, ನಾನು ನೋಟ್‌ಬುಕ್ಕಿಗೆ ಇಳಿಸುವೆ. ನಾನು ಓದಿದ್ದು ಹತ್ತನೆಯವರೆಗೆ, ಅಕ್ಷರ ಮಾತ್ರ ದುಂಡು. ಹನ್ನೊಂದು ಅಧ್ಯಾಯ ಹಾಗೇ ಬರೆದಿದ್ದೆ, ಉಳಿದದ್ದು ಕೊನೆಯದೊಂದೇ.

ಸೋಮವಾರ ಬೆಳಿಗ್ಗೆ ದಾಡಿ ಮಾಡಿಕೊಳ್ಳುತ್ತಿದ್ದವರು ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಬಂದ ನೆಂಟರಿಗೆ ಮಲಗಲು ಜಾಗ ಬೇಕಾಯಿತು. ಸೂರತ್‌ನಿಂದ ಬಂದ ಮಗಳು ಅಪ್ಪನ ಕೋಣೆಯನ್ನು ಖಾಲಿ ಮಾಡಿದಳು. ಅವಳು ಬೆಳೆದದ್ದು ಈ ಕಡೆಯ ಊರುಗಳಲ್ಲೇ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಹದಿನಾಲ್ಕನೆಯ ದಿನ ನಾನು ಕಪಾಟು ತೆರೆದೆ.

"ಇಲ್ಲಿದ್ದ ಅರ್ಜಿ ಕಟ್ಟು ಎಲ್ಲಿ ಹೋತವ್ವಾ?"

"ಆ ಇನ್ಶೂರೆನ್ಸ್ ಫಾರ್ಮ್ಸ್? ಪಸ್ತಿವಾಲಾಗ ಕೊಟ್ಟೆ ಅಮ್ಮಾ. ಅಪ್ಪಾರ ಹಳೇ ಆಫೀಸ್ ಕಾಗದ ಅನಕೊಂಡೆ."

"ಹಿಂದ ಬರದಿತ್ತಲ್ಲ."

"ಹಿಂದ ತಿರವಿ ನೋಡಲಿಲ್ಲ."

ಅವಳು ಅತ್ತಳು. ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ. ಇಬ್ಬರೂ ಆ ಪಸ್ತಿವಾಲಾನ ರದ್ದಿ ಅಂಗಡಿಗೆ ಹೋದೆವು. ಅಲ್ಲಿಯ ಕಾಗದವೆಲ್ಲ ಹಿಂದಿನ ದಿನವೇ ಲಾರಿಯಲ್ಲಿ ನರೋಡಾ ಕಡೆಯ ಕಾಗದದ ಗಿರಣಿಗೆ ಹೋಗಿತ್ತು. ಅಂಗಡಿಯವನು ಎರಡು ಕುರ್ಚಿ ಹಾಕಿ ನೀರು ಕೊಟ್ಟ.

ಪುಸ್ತಕ ಅಚ್ಚು ಹಾಕಲು ಒಪ್ಪಿದ್ದ ಧಾರವಾಡದ ಪ್ರಕಾಶಕರು ಫೋನಿನಲ್ಲಿ, "ಕೊನೀದು ನೀವ ಬರೀರಿ ಅಕ್ಕಾರ. ಉಳದದ್ದೆಲ್ಲಾ ನಿಮ್ಮ ಕೈಯಾಗಿಂದ ಬಂದದ್ದಲ್ಲೇನು?" ಎಂದರು. ಅನೇಕ ದಿನ ಬೆಳಿಗ್ಗೆ ಬರೆಯಲು ಕೂತೆ. ರಾಯಭಾರಿ ಊರಿಗೆ ಬಂದ, ಕಡಲಿಗೆ ಹತ್ತಿರ ಬಾಡಿಗೆ ಮನೆ ಹಿಡಿದ, ಆರು ಚಳಿಗಾಲ ಕಳೆದು ತೀರಿಕೊಂಡ. ಇಷ್ಟು ನನಗೂ ಗೊತ್ತಿತ್ತು. ಅರ್ಧ ಪುಟವಾಯಿತು. ಆತ ದಣಿದಿರಬೇಕು ಎಂದು ಬರೆದು ಹೊಡೆದು ಹಾಕಿದೆ. ಅದು ನನ್ನ ಮಾತು, ಅವರು ಕಂಡುಕೊಂಡದ್ದಲ್ಲ.

ಹೋದ ವಾರ ನೋಟ್‌ಬುಕ್ಕುಗಳನ್ನು ಅಂಚೆಗೆ ಹಾಕಿದೆ. ಆತ ಬರೆಯುವುದನ್ನು ಏಕೆ ಬಿಟ್ಟ ಎಂಬುದು ಅವುಗಳಲ್ಲಿ ಇಲ್ಲ.