ಟೊಪ್ಪಿಗೆ ಮಾರುವ ಅಣ್ಣ

ಆ ವಿಡಿಯೋ ಗೇಮಿನ ಮೊದಲ ಭಾಗವನ್ನು ನಾವು ಆಡಿದ್ದು ಗೋಕಾಕದ ಬಾಡಿಗೆ ಕೋಣೆಯಲ್ಲಿ, ಕಾಲೇಜಿನ ಕೊನೆಯ ವರ್ಷ. ನಾನು ಮೂಡಲಗಿಯವನು. ನನ್ನ ಜೊತೆಗಿದ್ದ ಗೆಳೆಯ ಹುಕ್ಕೇರಿಯ ಬಟ್ಟೆ ವ್ಯಾಪಾರಿಗಳ ಮನೆಯವನು. ಆ ವರ್ಷವೇ ಅವನ ಅಣ್ಣ ತೀರಿಕೊಂಡಿದ್ದ. ಗೆಳೆಯ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಅವನನ್ನು ಎಬ್ಬಿಸಿ ಕೂರಿಸಲೆಂದೇ ನಾನು ಹಳೆಯ ಕಂಪ್ಯೂಟರಿನಲ್ಲಿ ಆ ಗೇಮ್ ಹಾಕಿದೆ.

ಹೊಳೆ ಬಂದು ಮುಳುಗಿದ ಒಂದು ಊರು. ಒಬ್ಬ ಹೆಣ್ಣುಮಗಳು ದೋಣಿಯಲ್ಲಿ ತನ್ನ ಅಣ್ಣನನ್ನು ಹುಡುಕುತ್ತಾಳೆ. ಅಷ್ಟೇ ಕಥೆ. ದಾರಿ ತೋರಿಸುವ ಬಾಣವಿಲ್ಲ, ಶತ್ರುಗಳಿಲ್ಲ, ಅಂಕಗಳಿಲ್ಲ. ನೀರಿನ ಸದ್ದು ಕೇಳಿ ಇದು ಓಣಿಯೋ ಬಯಲೋ ಎಂದು ತಿಳಿಯಬೇಕು. ಕೊನೆಗೆ ಅಣ್ಣ ಸಿಗುವುದಿಲ್ಲ, ಅವನ ಮನೆ ಸಿಗುತ್ತದೆ. ಗೋಡೆಯ ಮೇಲೆ ನೀರು ನಿಂತ ಕೆಸರಿನ ಗೆರೆ, ಮೂಲೆಯಲ್ಲಿ ಮಗುಚಿ ಬಿದ್ದ ಪಾತ್ರೆ. ಆಕೆ ಅದನ್ನೆತ್ತಿ ನೆಟ್ಟಗೆ ಇಡುತ್ತಾಳೆ. ಅವನು ಉಳಿದಿಲ್ಲವೆಂದು ಯಾರೂ ಹೇಳುವುದಿಲ್ಲ, ನಮಗೇ ತಿಳಿಯುತ್ತದೆ.

ಗೆಳೆಯ ಎದ್ದುಹೋಗಿ ಮುಖ ತೊಳೆದುಕೊಂಡು ಬಂದ. "ಇದನ್ನ ಮಾಡಿದಾಂವಗ ಗೊತ್ತೈತಿ ಬಿಡ" ಎಂದ. ಏನು ಗೊತ್ತೈತಿ ಎಂದು ನಾನು ಕೇಳಲಿಲ್ಲ.

ವರ್ಷಗಳು ಕಳೆದವು. ನಾನು ಮೂಡಲಗಿಯಲ್ಲಿ ಶಿಕ್ಷಕನಾದೆ, ಮದುವೆಯಾದೆ. ಹೆಂಡತಿಯ ತವರು ಕೊಣ್ಣೂರ. ಅವಳಿಗೂ ಆ ಆಟ ಹಿಡಿಸಿತ್ತು. ಹಾಗಾಗಿ ಎರಡನೆಯ ಭಾಗ ಬರುತ್ತದೆಂಬ ಸುದ್ದಿ ತಿಳಿದಾಗ ಮೂವರೂ ಕೂಡಿಯೇ ಆಡುವುದೆಂದು ಮಾತಾಯಿತು. ಒಂದು ಭಾನುವಾರ ಬೆಳಿಗ್ಗೆ ಗೆಳೆಯ ಹುಕ್ಕೇರಿಯಿಂದ ಬೈಕಿನಲ್ಲಿ ಬಂದ.

ಟಿವಿಯಲ್ಲಿ ಆಟ ಶುರುವಾದ ಕೂಡಲೇ ನೀರಿನ ಮೇಲೆ ಬಂಗಾರದ ಬಣ್ಣದ ಬಾಣವೊಂದು ಎದ್ದು ನಿಂತಿತು, ಇತ್ತ ಹೋಗು ಎಂದು. ಹೋದೆವು. ಪರದೆಯ ತುಂಬ ಪಟಾಕಿ ಹಾರಿ, ಭಲೇ ಎಂದಿತು. ದೋಣಿಯನ್ನು ತಿರುಗಿಸಿದರೆ ಭಲೇ, ನಿಲ್ಲಿಸಿದರೆ ಭಲೇ. ಒಂದನೆಯ ತರಗತಿಯ ಮಕ್ಕಳನ್ನೂ ನಾನು ಇಷ್ಟು ಹೊಗಳುವುದಿಲ್ಲ. ಅವರಿಗೂ ನಾಚಿಕೆ ಎಂಬುದಿರುತ್ತದೆ. ಮೊದಲ ಭಾಗದಲ್ಲಿ ತುಟಿ ಬಿಚ್ಚದ ಆ ಹೆಣ್ಣುಮಗಳು ಇಲ್ಲಿ ಬಾಯಿ ಮುಚ್ಚುವುದೇ ಇಲ್ಲ. ಬಾಗಿಲು ಕಂಡರೆ, ಅಗೋ ಬಾಗಿಲು ಎನ್ನುತ್ತಾಳೆ.

"ತಡಿ ಲೇ, ಈಗರ ಚಾಲೂ ಆಗೇತಿ. ಮುಂದ ಛಲೋ ಬರತೈತಿ" ಎಂದು ಗೆಳೆಯ ಆಟದ ಪರ ವಹಿಸಿದ.

ಹೆಂಡತಿ ಪರದೆಯನ್ನೇ ನೋಡುತ್ತಿದ್ದಳು. "ಹೊಳಿ ನೀರ ಹೊಕ್ಕ ಮನಿ ಇವರು ಕಣ್ಣಿಲೆ ಕಂಡಾರೇನ್ರಿ? ನಮ್ಮ ತವರಮನಿಗಿ ನೀರ ಬಂದ ಹೋದ ಮ್ಯಾಲ ವರ್ಷಾ ವರ್ಷಾ ಸುಣ್ಣಾ ಹಚ್ಚಿದ್ರೂ ಗ್ವಾಡಿ ಮ್ಯಾಲಿನ ಕೆಸರಿನ ಕಲಿ ಹೋಗಲಿಲ್ಲ. ಇಲ್ಲಿ ಗ್ವಾಡಿ ನೋಡ್ರಿ, ಹಾಲಿನಂಗ ಅದಾವ."

"ವೈನಿ, ಇದು ಬರೇ ಆಟಾ ಐತ್ರಿ" ಎಂದ ಗೆಳೆಯ.

"ಮೊದಲಿಂದೂ ಆಟಾನ ಇತ್ತಲ್ರಿ."

ಬಾಣ ನಮ್ಮನ್ನು ಬಣ್ಣದ ದೀಪಗಳು ಜಗಮಗಿಸುವ ಒಂದು ಕಟ್ಟೆಗೆ ಕರೆದೊಯ್ದಿತು. ಅಲ್ಲೊಂದು ಅಂಗಡಿ. ಗಲ್ಲಾ ಪೆಟ್ಟಿಗೆಯ ಹಿಂದೆ ಒಬ್ಬ ಹಲ್ಲು ಕಿರಿಯುತ್ತ ನಿಂತಿದ್ದ. ಹೆಣ್ಣುಮಗಳು "ಅಣ್ಣಾ" ಎಂದು ಕಿರುಚಿದಳು. ಹೌದು, ಅದೇ ಅಣ್ಣ. ಹೇಗೆ ಬದುಕಿದ, ಎಲ್ಲಿದ್ದ, ಒಂದು ವಿವರವೂ ಇಲ್ಲ. ಅವನು ತಂಗಿಯ ಮುಖವನ್ನೂ ಸರಿಯಾಗಿ ನೋಡದೆ, ದೋಣಿಗೆ ಹೊಸ ಬಣ್ಣ ಬೇಕೇ, ತಲೆಗೆ ಟೊಪ್ಪಿಗೆ ಬೇಕೇ ಎಂದು ಕೇಳಿದ. ಟೊಪ್ಪಿಗೆಗಳು ಸಾಲಾಗಿ ತಿರುಗತೊಡಗಿದವು. ಒಂದಕ್ಕೆ ಬಾತುಕೋಳಿಯ ಮೂತಿ ಇತ್ತು.

ನನಗೆ ನಗು ಬಂತು. ಗೆಳೆಯನನ್ನು ನೋಡಿದೆ, ನಗು ನಿಂತಿತು. ಅವನು ಕೈಯಲ್ಲಿದ್ದ ಕಂಟ್ರೋಲರನ್ನು ಮೆಲ್ಲಗೆ ಚಾಪೆಯ ಮೇಲೆ ಇಟ್ಟ.

"ಹಿಂಗ ಮಾಡಬಾರದಿತ್ತು. ಹೋದಾವನ್ನ ಕರ್ಕೊಂಡ ಬಂದು ಟೊಪಗಿ ಮಾರಾಕ ಹಚ್ಚ್ಯಾರ."

ಹೆಂಡತಿ ಟಿವಿ ಆರಿಸಿದಳು. "ಏಳ್ರಿ, ಊಟಾ ಮಾಡೂಣು" ಎಂದಷ್ಟೇ ಹೇಳಿ ಒಳಗೆ ಹೋದಳು.

ರೊಟ್ಟಿ, ಬದನೆಕಾಯಿ ಪಲ್ಯ. ಎರಡನೆಯ ರೊಟ್ಟಿ ಮುರಿಯುವಾಗ ಗೆಳೆಯ ತಾನಾಗಿಯೇ ಮಾತು ತೆಗೆದ. ಅವನ ಅಣ್ಣ ಅಂಗಡಿಯಲ್ಲಿ ಒಮ್ಮೆಯೂ ನೆಟ್ಟಗೆ ವ್ಯಾಪಾರ ಮಾಡಿದವನಲ್ಲವಂತೆ. ಗಿರಾಕಿ ಸೀರೆ ಆರಿಸಿದರೆ, ಆ ಬಣ್ಣ ನಿಮಗೆ ಒಪ್ಪುವುದಿಲ್ಲ ಎಂದು ಮುಖಕ್ಕೇ ಹೇಳಿ ಕಳಿಸುತ್ತಿದ್ದನಂತೆ. ಅಪ್ಪ ಬೈದರೆ, "ಸುಳ್ಳ ಹೇಳಿ ಮಾರಲೇನ?" ಎನ್ನುತ್ತಿದ್ದನಂತೆ. ಹೇಳುತ್ತ ಹೇಳುತ್ತ ಗೆಳೆಯ ನಕ್ಕ, ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡ, ಮತ್ತೆ ಹೇಳಿದ. ಕೈ ಒಣಗಿದ್ದರೂ ಮೂವರಲ್ಲಿ ಯಾರೂ ಏಳಲಿಲ್ಲ. ಅಷ್ಟು ವರ್ಷಗಳ ಸ್ನೇಹದಲ್ಲಿ ಅವನ ಅಣ್ಣನ ಬಗ್ಗೆ ನಾನು ಕೇಳಿದ ಮೊದಲ ಮಾತುಗಳು ಅವು.

ಅವನು ಹೊರಟ ಮೇಲೆ ನಾನು ಆ ಗೇಮನ್ನು ಅಳಿಸಿ ಹಾಕಿದೆ. ಅದರಿಂದಾಗಿಯಾದರೂ ಗೆಳೆಯ ಬಾಯಿ ಬಿಟ್ಟನಲ್ಲ ಎಂದು ಆಮೇಲೆ ಯಾರೋ ಅಂದರು. ಕೆಟ್ಟ ಅಡುಗೆ ಉಂಡು ವಾಂತಿಯಾಗಿ ಹೊಟ್ಟೆ ಹಗುರಾದರೆ ಅಡುಗೆಯವನಿಗೆ ಶಾಲು ಹೊದಿಸುತ್ತಾರೆಯೇ? ಆ ಆಟ ಮಾಡಿದವರಿಗೆ ಯಾವ ಶ್ರೇಯವನ್ನೂ ಕೊಡಲು ನಾನು ತಯಾರಿಲ್ಲ.