ಮರಳುಚೀಲದ ಮೇಲೊಂದು ತೀರ್ಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೂಟಿಂಗ್ ಕ್ಲಬ್ಬಿನ ಉದ್ದನೆಯ ಶೆಡ್ಡಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಸಿಮೆಂಟಿನ ಮೇಜು, ಮೇಜಿನ ಮುಂದೆ ಕುರ್ಚಿ, ಕುರ್ಚಿಯಲ್ಲಿ ಐವತ್ತು ದಾಟಿದ ಹೆಂಗಸು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಎರಡೂ ಪಾದಗಳನ್ನು ನೆಲಕ್ಕೆ ಊರಿದ್ದಾರೆ. ಮೇಜಿನ ಮೇಲಿನ ಮರಳುಚೀಲವನ್ನು ಅಂಗೈಯಿಂದ ತಟ್ಟಿ, ನಡುವೆ ತಗ್ಗು ಮಾಡಿ, ಅದರಲ್ಲಿ ಮಣಿಕಟ್ಟು ಇಟ್ಟು ನೋಡಿ, ತೆಗೆದು, ಮತ್ತೆ ತಟ್ಟುತ್ತಾರೆ. ಮಗುವನ್ನು ಮಲಗಿಸುವ ಮೊದಲು ದಿಂಬು ಸರಿಮಾಡುವವರ ಹಾಗೆ. ಆಮೇಲೆ ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ ಕಿವಿಗವಸು ಹಾಕಿಕೊಳ್ಳುವಂತೆ ಸನ್ನೆ ಮಾಡುತ್ತಾರೆ.

ಇಲ್ಲಿ ಇವರನ್ನು ಎಲ್ಲರೂ ಕರೆಯುವುದು ಚೀಲದಮ್ಮ ಎಂದು. ಕ್ಲಬ್ಬಿನ ಗುರಿ ಪಿಸ್ತೂಲುಗಳನ್ನು ಮರಳುಚೀಲದ ಆಸರೆಯಲ್ಲಿ ಹೊಡೆದು ನೋಡಿ, ಸರಿಯಿದೆ, ಸರಿಯಿಲ್ಲ ಎಂದು ಹೇಳುವುದು ಇವರ ಕೆಲಸ. ಶೂಟರುಗಳು ಬರುವ ಹೊತ್ತಿಗೆ ಹತ್ತು ಹನ್ನೆರಡು ಪಿಸ್ತೂಲುಗಳ ಪರೀಕ್ಷೆ ಮುಗಿದಿರುತ್ತದೆ, ಇವರು ಮೂಲೆಯಲ್ಲಿ ಕೂತು ಚೀಲಕ್ಕೆ ಹೊಲಿಗೆ ಹಾಕುತ್ತಿರುತ್ತಾರೆ. ಕ್ಲಬ್ಬಿನ ಗೋಡೆ ತುಂಬ ಪದಕ ಗೆದ್ದವರ ಫೋಟೋಗಳಿವೆ. ಅವರ ಪಿಸ್ತೂಲನ್ನು ಅವರಿಗಿಂತ ಮೊದಲು ಹಿಡಿದ ಕೈ ಯಾವ ಫೋಟೋದಲ್ಲೂ ಇಲ್ಲ.

ಆದರೆ ಇವತ್ತು ಮೇಜಿನ ಮೇಲಿರುವುದು ಕ್ಲಬ್ಬಿನ ಪಿಸ್ತೂಲಲ್ಲ. ನೀಲಿ ಪೆಟ್ಟಿಗೆಯಲ್ಲಿ ಬಂದಿರುವ ಅದು ಚೀಲದಮ್ಮನ ಸೊಸೆಯದು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಈ ಸೊಸೆ ಕ್ಲಬ್ಬಿನ ಒಳ್ಳೆಯ ಶೂಟರುಗಳಲ್ಲಿ ಒಬ್ಬಳು. ಕಳೆದ ವಾರದ ಆಯ್ಕೆಯಲ್ಲಿ ಅವಳ ಗುಂಡುಗಳು ಕೆಳಗೆ, ಎಡಕ್ಕೆ ಬಿದ್ದು, ಕೂದಲೆಳೆಯಲ್ಲಿ ತಂಡದ ಜಾಗ ತಪ್ಪಿತು. ಪಿಸ್ತೂಲಿನಲ್ಲೇ ದೋಷವಿದೆ ಎಂದು ಅವಳು ದೂರು ಕೊಟ್ಟಿದ್ದಾಳೆ. ಕ್ಲಬ್ಬಿನ ನಿಯಮ ಸರಳವಾಗಿದೆ: ಪಿಸ್ತೂಲನ್ನು ದೂರಿದರೆ ಅದು ಚೀಲದ ಮೇಲೆ ಬರಬೇಕು. ದೋಷ ಕಂಡರೆ ಶೂಟರಿಗೆ ಇನ್ನೊಂದು ಅವಕಾಶ. ಕಾಣದಿದ್ದರೆ ಆ ಜಾಗ ಬೇರೆಯವರಿಗೆ, ಮುಂದಿನ ಆಯ್ಕೆ ಎರಡು ವರ್ಷಕ್ಕೆ.

ಅಂದರೆ ಸೊಸೆಯ ತೀರ್ಪು ಅತ್ತೆಯ ಕೈಯಲ್ಲಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಇಲ್ಲಿ ಇಬ್ಬರಿಗೂ ಒಂದೇ ಸಲ ಕಾಲ ಬಂದು ಕೂತಿದೆ. ಪಿಸ್ತೂಲು ಕೆಟ್ಟಿದೆ ಎಂದರೆ ಮನೆಯವಳ ಪರ ವಹಿಸಿದರು ಎನ್ನುತ್ತದೆ ಕ್ಲಬ್ಬು. ಚೆನ್ನಾಗಿದೆ ಎಂದರೆ ಅತ್ತೆ ಅತ್ತೆಯ ಬುದ್ಧಿಯನ್ನೇ ತೋರಿಸಿದಳು ಎನ್ನುತ್ತಾರೆ ನೆಂಟರು. ಬೇರೆ ಊರಿನಿಂದ ಪರೀಕ್ಷೆ ಮಾಡುವವರನ್ನು ಕರೆಸೋಣವೇ ಎಂದು ತರಬೇತುದಾರರು ಕೇಳಿದ್ದರಂತೆ. ಬೇಡ ಎಂದವಳು ಸೊಸೆಯೇ. "ಅತ್ತೆ ನೋಡ್ಲಿ ಸರ್. ಅವರು ಹೇಳಿದ್ದು ನನಗೆ ಒಪ್ಪಿಗೆ" ಎಂದಳಂತೆ.

ಕೂತು, ಚೀಲದ ಮೇಲೆ ಕೈಯಿಟ್ಟು ಹೊಡೆಯುವುದೇನು ಮಹಾ ಎಂದು ನಾನು ಅಂದುಕೊಂಡಿದ್ದೆ. ಹಿಂದಿನ ದಿನ ಬಂದಾಗ ಬಾಯಿಬಿಟ್ಟು ಹೇಳಿಯೂ ಬಿಟ್ಟಿದ್ದೆ. ಚೀಲದಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಕ್ಲಬ್ಬಿನ ಒಂದು ಹಳೆಯ ಪಿಸ್ತೂಲಿನ ನಳಿಗೆಯನ್ನು ನಾನು ಆರಾಮವಾಗಿ ಚೀಲದ ಮೇಲೆ ಒರಗಿಸಿ ಐದು ಗುಂಡು ಹೊಡೆದೆ. ಗುರಿಹಲಗೆಯ ಕಪ್ಪು ಚುಕ್ಕೆಯಲ್ಲಿ ಒಂದೂ ಇರಲಿಲ್ಲ. ಐದೂ ಮೇಲೆ ಹೋಗಿ, ಗುರುತು ಪರಿಚಯವಿಲ್ಲದವರ ಹಾಗೆ ದೂರ ದೂರ ಕೂತಿದ್ದವು.

"ಎಲ್ಲರೂ ಮಾಡೋ ತಪ್ಪೇ ಇದು" ಎಂದು ಅವರು ಸಮಾಧಾನ ಹೇಳಿದರು. "ನಳಿಗೆ ಯಾವುದಕ್ಕೂ ತಾಗಬಾರದು, ಗಾಳಿಯಲ್ಲೇ ಇರ್ಬೇಕು. ತಾಗಿದ್ರೆ ಗುಂಡು ಹೊರಡೋವಾಗ ಅದು ಮೇಲಕ್ಕೆ ನೆಗೆಯುತ್ತೆ. ಹಿಡಿಯ ಬುಡಾನೂ ಮೇಜಿಗೆ ಒತ್ತಬಾರದು. ಚೀಲ ಇರೋದು ಮಣಿಕಟ್ಟಿಗೆ, ಪಿಸ್ತೂಲಿಗಲ್ಲ. ನಿಂತು ಹೊಡೆದಾಗ ಹೇಗೆ ಹಿಡೀತೀರೋ ಕೂತಾಗಲೂ ಅಷ್ಟೇ ಬಿಗಿಯಾಗಿ ಹಿಡೀಬೇಕು. ಆಸರೆ ಸಿಕ್ತು ಅಂತ ಕೈ ಸಡಿಲ ಬಿಟ್ರೆ ಆಯ್ತು ಕಥೆ."

ಚೀಲವನ್ನು ಗಟ್ಟಿಯಾಗಿ ತುಂಬಬಾರದು ಎಂಬುದು ಅವರ ಇನ್ನೊಂದು ಪಾಠ. ಮುಕ್ಕಾಲಿಗಿಂತ ಕಡಿಮೆ ತುಂಬಿದರೆ ಮರಳು ಕೈಗೆ ಒಗ್ಗಿ ಕೂರುತ್ತದೆ. ತೇವ ತಾಗಿದರೆ ಕಲ್ಲಾಗುತ್ತದೆ. ಹಾಗಾಗಿ ಶೆಡ್ಡಿನ ಹಿಂದೆ ಹಳೆಯ ತಗಡಿನ ಮೇಲೆ ಮರಳನ್ನು ಹರಡಿ, ಒಣಗಿಸಿ, ಜರಡಿ ಹಿಡಿದು ಮತ್ತೆ ತುಂಬುತ್ತಾರೆ. ಅಡುಗೆಮನೆಯ ಜರಡಿಗೆ ನಿವೃತ್ತಿ ಆದಮೇಲೆ ಇಲ್ಲೇ ನೌಕರಿ ಎಂದು ನಗುತ್ತಾರೆ.

"ನಿಂತು ಹೊಡೆದ್ರೆ ಗುಂಡು ಯಾಕೆ ಆಚೀಚೆ ಹೋಯ್ತು ಅಂತ ಹೇಳೋದು ಕಷ್ಟ. ತೋಳು ಅಲ್ಲಾಡ್ತೋ, ಉಸಿರು ಎಳೀತೋ, ಪಿಸ್ತೂಲೇ ಸರಿಯಿಲ್ವೋ. ಚೀಲದ ಮೇಲೆ ಬಂದ್ರೆ ತೋಳಿನ ಆಟ ನಿಲ್ಲುತ್ತೆ. ಉಳಿಯೋದು ಬೆರಳು, ಪಿಸ್ತೂಲು, ಇವೆರಡೇ. ನನ್ನ ಬೆರಳನ್ನ ನಾನು ನೋಡ್ಕೋತೀನಿ. ಆಮೇಲೂ ಗುಂಡು ಚೆದುರಿದ್ರೆ ಪಿಸ್ತೂಲೇ ತಪ್ಪು ಮಾಡಿದೆ ಅಂತ ಅರ್ಥ."

ಈ ಕೆಲಸ ಅವರಿಗೆ ಬಂದದ್ದು ಗಂಡನಿಂದ. ಕ್ಲಬ್ಬಿನ ಪಿಸ್ತೂಲುಗಳನ್ನು ರಿಪೇರಿ ಮಾಡಿ ಪರೀಕ್ಷಿಸುತ್ತಿದ್ದವರು ಅವರು. ಆ ಕಾಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡರೆ ಅದೇ ದೊಡ್ಡದು. ಗುಂಡಿನ ಸದ್ದಿಗೆ ಅವರಿಗೆ ಮೊದಲು ಬಾಗಿಲ ಗಂಟೆ ಕೇಳದಾಯಿತು, ಆಮೇಲೆ ಫೋನು, ಕೊನೆಗೆ ಹೆಂಡತಿಯ ದನಿ. "ಎಲ್ಲರೂ ಅಯ್ಯೋ ಪಾಪ ಅಂತಾರೆ. ಅವರೇನೋ ನಿನ್ನ ಬೈಗುಳ ತಪ್ಪಿತಲ್ಲ ಅಂತ ಆರಾಮಾಗಿದ್ದಾರೆ" ಎಂದು ಚೀಲದಮ್ಮ ತಮಾಷೆ ಮಾಡುತ್ತಾರೆ. ಈಗ ಆ ಮನೆಯಲ್ಲಿ ಎಲ್ಲರೂ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಮಾತಾಡುತ್ತಾರೆ. ಮುಖ ತಿರುಗಿಸಿಕೊಂಡು ಜಗಳವಾಡುವ ಅನುಕೂಲ ಆ ಮನೆಯಲ್ಲಿ ಯಾರಿಗೂ ಇಲ್ಲ.

ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಚೀಲ ಹೊಲಿದು ಕೊಡುತ್ತಿದ್ದ ಇವರಿಗೆ ಗಂಡನೇ ಕುರ್ಚಿಯ ಹಿಂದೆ ನಿಂತು ಕೆಲಸ ಕಲಿಸಿದರು. ಬೇರೆಯವರು ಸಿಗುವ ತನಕ ನಾಲ್ಕು ದಿನಕ್ಕೆಂದು ಬಂದವರು ಇಪ್ಪತ್ತು ವರ್ಷದಿಂದ ಇದ್ದಾರೆ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಎದ್ದು ನಿಂತು ಗುರಿಗೆ ಹೊಡೆದಿಲ್ಲ. ಹೊಡೆಯಬೇಕು ಅನ್ನಿಸಲಿಲ್ಲವೇ ಎಂದರೆ, "ಅದು ಅವರ ಆಟ. ನನ್ನದು ಕೂತ್ಕೊಂಡು ಮಾಡೋ ಕೆಲಸ" ಎನ್ನುತ್ತಾರೆ.

ಈಗ ನೀಲಿ ಪೆಟ್ಟಿಗೆ ತೆರೆಯುತ್ತದೆ. ಮೊದಲ ಗುಂಡು ಲೆಕ್ಕಕ್ಕಿಲ್ಲ. ಒರೆಸಿಟ್ಟ ನಳಿಗೆಯಲ್ಲಿ ಎಣ್ಣೆಯ ಪಸೆ ಇರುತ್ತದೆ, ಆ ಗುಂಡು ಎಲ್ಲಿಗೋ ಹೋಗುತ್ತದೆ. ಆಮೇಲಿನ ಐದು ಗುಂಡುಗಳ ನಡುವೆ ಅವರು ಪ್ರತಿ ಸಲ ಪಿಸ್ತೂಲನ್ನು ಕೆಳಗಿಟ್ಟು, ಚೀಲವನ್ನು ಅದೇ ರೀತಿ ತಟ್ಟಿ, ಅದೇ ರೀತಿ ಹಿಡಿಯುತ್ತಾರೆ. ಕಣ್ಣು ಗುರಿಹಲಗೆಯ ಮೇಲಿಲ್ಲ. ಪಿಸ್ತೂಲಿನ ತುದಿಯಲ್ಲಿ ಗುರಿ ಹಿಡಿಯಲು ಇರುವ ಸಣ್ಣ ಗುಬ್ಬಿಯ ಮೇಲಿದೆ. ಗುರಿ ಮಸುಕಾಗಿ ಕಂಡರೆ ಸಾಕು, ಗುಬ್ಬಿ ಮಸುಕಾಗಬಾರದು. ಬೆರಳು ಹಿಂದಕ್ಕೆ ಸರಿಯುವುದೇ ಕಾಣುವುದಿಲ್ಲ. ಒಂದು ಸಲ ಅರ್ಧಕ್ಕೆ ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಶುರುಮಾಡುತ್ತಾರೆ.

ದೂರದರ್ಶಕದಲ್ಲಿ ನೋಡಿದರೆ ಐದೂ ತೂತು ಒಂದರ ಪಕ್ಕ ಒಂದು, ಕಪ್ಪಿನ ನಟ್ಟನಡುವೆ. ಅವರು ಬಹಳ ಹೊತ್ತು ನೋಡುತ್ತಾರೆ. ಹಲಗೆ ಬದಲಿಸಿ, ಸೊಸೆ ಬಳಸುವ ಪೆಟ್ಟಿಗೆಯ ಗುಂಡುಗಳನ್ನೇ ತುಂಬಿ ಇನ್ನೈದು ಹೊಡೆಯುತ್ತಾರೆ. ಅದೇ ಜಾಗ. ಚೀಲ ಬದಲಿಸಿ ಮತ್ತೈದು. ಮತ್ತೆ ಅದೇ ಜಾಗ. ಮೂರು ಸುತ್ತು ಯಾಕೆ ಎಂದು ಕೇಳಿದೆ. ಅವರು ಕೈಯೊರೆಸಿಕೊಂಡು ಬಾಗಿಲ ಕಡೆ ನೋಡುತ್ತಾ ಕೂತರು.

ತರಬೇತುದಾರರು ಮತ್ತು ಸೊಸೆ ಒಟ್ಟಿಗೇ ಬಂದರು. ಚೀಲದಮ್ಮ ಎದ್ದು ನಿಂತು ಹೇಳಿದ್ದು ಎರಡೇ ಮಾತು. "ಪಿಸ್ತೂಲು ಚೆನ್ನಾಗಿದೆ."

ಸೊಸೆಯ ಮುಖ ಕೆಂಪಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿಂದಿನಿಂದ ಯಾರೂ ಅನ್ನಲಿಲ್ಲ, ಆದರೆ ಆ ಮಾತು ಅವಳಿಗೆ ಕೇಳಿಸಿದ ಹಾಗಿತ್ತು. "ನಾನೂ ಚೀಲದ ಮೇಲೆ ಹೊಡೆದು ನೋಡ್ಲಾ" ಎಂದಳು. ಅತ್ತೆ ಕುರ್ಚಿ ಸರಿಸಿಕೊಟ್ಟರು, ಚೀಲವನ್ನು ಅವಳ ಕೈಯ ಅಳತೆಗೆ ತಟ್ಟಿಕೊಟ್ಟರು. ಅದೇ ಪಿಸ್ತೂಲು, ಅದೇ ಗುಂಡು. ತೋಳು ಅಲ್ಲಾಡಲು ದಾರಿಯೇ ಇಲ್ಲ. ಆದರೂ ಮೂರು ಗುಂಡು ಕೆಳಗೆ, ಎಡಕ್ಕೆ ಬಿದ್ದವು. ನಾಲ್ಕನೆಯದಕ್ಕೆ ಅತ್ತೆ ಪಿಸ್ತೂಲನ್ನು ತಾವೇ ತೆಗೆದುಕೊಂಡು ತುಂಬಿಕೊಟ್ಟರು. ಸೊಸೆ ಬೆರಳು ಒತ್ತಿದಳು. ಟಕ್ ಎಂದಿತಷ್ಟೆ, ಗುಂಡು ಹಾರಲಿಲ್ಲ. ಅತ್ತೆ ಹಾಕಿದ್ದು ಖಾಲಿ ಕೋಶ, ಹೊಡೆದು ಮುಗಿದ ಗುಂಡಿನ ಬರಿಯ ಚಿಪ್ಪು. ಆದರೆ ಪಿಸ್ತೂಲಿನ ಮೂತಿ ಎಲ್ಲರೂ ನೋಡುತ್ತಿದ್ದಂತೆ ಕೆಳಕ್ಕೆ, ಎಡಕ್ಕೆ ಬಾಗಿತ್ತು.

ಹಾರದ ಗುಂಡಿನ ಸದ್ದಿಗೆ ಅವಳ ಕೈ ಮೊದಲೇ ಬೆಚ್ಚಿತ್ತು. ಎಷ್ಟೋ ದಿನದಿಂದ ಬೆಚ್ಚುತ್ತಿದ್ದಿರಬೇಕು. ಇದು ತಿಳಿಯದೆ ಅವಳು ತೋಳಿಗೆ ವ್ಯಾಯಾಮ ಮಾಡಿದ್ದಳು, ಪಿಸ್ತೂಲಿನ ಹಿಂಬದಿಯಲ್ಲಿ ಗುರಿ ಸರಿಪಡಿಸುವ ತಿರುಪನ್ನು ಅತ್ತಿತ್ತ ತಿರುಗಿಸಿ ಮತ್ತೆ ಮೊದಲಿನ ಜಾಗಕ್ಕೇ ತಂದಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಅವಳು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ನೋಡುತ್ತಾ ನಿಂತಿದ್ದ ನನಗೆ ನಾಚಿಕೆಯಾಯಿತು. ಒಬ್ಬರ ಮನೆಯ ದುಃಖಕ್ಕೆ ಪೆನ್ನು ಹಿಡಿದುಕೊಂಡು ಹಾಜರಾಗಿದ್ದೆನಲ್ಲ ಎಂದು.

ಮೂರು ವಾರ ಬಿಟ್ಟು ಮತ್ತೆ ಹೋದೆ. ತಂಡದ ಜಾಗ ಬೇರೆಯವರಿಗೆ ಹೋಗಿತ್ತು. ಬೆಳಗಿನ ಶೆಡ್ಡಿನಲ್ಲಿ ಈಗ ಎರಡು ಕುರ್ಚಿಗಳು. ಒಂದರಲ್ಲಿ ಸೊಸೆ, ಪಕ್ಕದಲ್ಲಿ ಅತ್ತೆ. ಅತ್ತೆ ಕೆಲವು ಸಲ ನಿಜವಾದ ಗುಂಡು, ಕೆಲವು ಸಲ ಖಾಲಿ ಕೋಶ ತುಂಬಿಕೊಡುತ್ತಾರೆ. ಯಾವುದು ಎಂದು ಸೊಸೆಗೆ ಗೊತ್ತಿರುವುದಿಲ್ಲ. ಖಾಲಿ ಕೋಶದಲ್ಲೂ ಮೂತಿ ಕದಲಬಾರದು. "ಹಾರೋದನ್ನ ಕಾಯಬೇಡ. ನೀನು ಬೆರಳು ಒತ್ತುತ್ತಾ ಇರು, ಅದು ಹಾರಿದಾಗ ಹಾರುತ್ತೆ" ಎಂದು ಮೆಲ್ಲಗೆ ಹೇಳುತ್ತಾರೆ. ಹತ್ತರಲ್ಲಿ ಆರೇಳು ಸಲ ಈಗ ಮೂತಿ ಕದಲುವುದಿಲ್ಲ.

"ಒಂದು ವಾರ ಅವರ ಜೊತೆ ಮಾತಾಡ್ಲಿಲ್ಲ" ಎಂದಳು ಸೊಸೆ, ಅತ್ತೆ ಮರಳು ತರಲು ಹೋದಾಗ. "ಮಾವನಿಗೆ ಕಿವಿ ಕೇಳಲ್ಲ, ನಾನು ಮಾತಾಡಲ್ಲ, ಅವರೊಬ್ಬರೇ ಅಡುಗೆಮನೇಲಿ ಮಾತಾಡ್ಕೋತಿದ್ರು. ಆಮೇಲೆ ಒಂದಿನ ಕೂತು ಯೋಚಿಸಿದೆ. ಅವತ್ತು ಕೆಟ್ಟಿದೆ ಅಂದಿದ್ರೆ ನನಗೆ ಇನ್ನೊಂದು ಅವಕಾಶ ಸಿಗ್ತಿತ್ತು. ಗುಂಡು ಮತ್ತೆ ಅಲ್ಲೇ ಬೀಳ್ತಿತ್ತು."

ಚೀಲದಮ್ಮನ ಮಗನ ಸಿಟ್ಟು ಮಾತ್ರ ಇಳಿದಿಲ್ಲ. ತಾಯಿಯ ಎದುರು ಕೂತು ಊಟ ಮಾಡುತ್ತಾನೆ, ಬೇಕಾದಷ್ಟೇ ಮಾತಾಡುತ್ತಾನೆ. ಪರೀಕ್ಷೆಯ ಹಿಂದಿನ ರಾತ್ರಿ ಅವನು "ಅಮ್ಮಾ, ನಾಳೆ ಸ್ವಲ್ಪ ನೋಡ್ಕೋ" ಎಂದಿದ್ದನಂತೆ. ನೋಡಿಕೊಳ್ಳುವುದು ಕಷ್ಟವೇನೂ ಇರಲಿಲ್ಲ ಎಂದು ಚೀಲದಮ್ಮನೇ ಒಪ್ಪುತ್ತಾರೆ. ನಳಿಗೆಯನ್ನು ಒಂದು ಸಲ ಚೀಲಕ್ಕೆ ತಾಗಿಸಿದ್ದರೆ ಸಾಕು, ಗುಂಡುಗಳು ಚೆದುರುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ನನಗೂ ತಿಳಿಯುತ್ತಿರಲಿಲ್ಲ.

"ಹೊರಗಿನವರ ಪಿಸ್ತೂಲಾಗಿದ್ರೂ ಹೀಗೇ ಹೇಳ್ತಿದ್ಯಾ ಅಂತ ಕೇಳ್ದ ಮಗ" ಎಂದು ಅವರು ಚೀಲದ ಬಾಯಿಗೆ ಹೊಲಿಗೆ ಹಾಕುತ್ತಾ ಹೇಳಿದರು. ನೀವೇನಂದಿರಿ ಎಂದೆ. ಸೂಜಿ ನಿಂತಿತು.

"ಹೊರಗಿನವರದ್ದಾಗಿದ್ರೆ ಒಂದೇ ಸುತ್ತು ಹೊಡೆದು ಹೇಳ್ತಿದ್ದೆ ಕಣಪ್ಪ ಅಂದೆ. ಇವಳದ್ದು ಅಂತ ಮೂರು ಸುತ್ತು ಹೊಡೆದೆ. ಮೂರು ಸಲಾನೂ, ದೇವರೇ, ಈ ಪಿಸ್ತೂಲು ಕೆಟ್ಟಿರ್ಲಿ ಅಂತ ಬೇಡ್ಕೊಂಡೇ ಹೊಡೆದೆ."