ಬಾಗಿಲ ಬೋರ್ಡಿನ ಮೇಷ್ಟ್ರು

ಹೊಸದುರ್ಗದ ನಮ್ಮ ಭಜನೆ ಮನೆಯ ಬೀದಿಬಾಗಿಲಲ್ಲಿ ಒಂದು ಬೋರ್ಡು. ಮುಂದಿನ ಶನಿವಾರದ ಸಂಗೀತ ಕಚೇರಿ ಯಾರದೆಂದು ಅದರ ಮೇಲೆ ಬರೆಯುತ್ತಿದ್ದವರು ಡ್ರಾಯಿಂಗ್ ಮೇಷ್ಟ್ರು. ವಿದ್ವಾಂಸರನ್ನು ಕೇಳುವ ಮೊದಲೇ ಹೆಸರು ಬರೆದುಬಿಡುವರು. “ಒಪ್ಪಿದಾರಾ ಮೇಷ್ಟ್ರೇ?” ಎಂದರೆ ಸೀಮೆಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಂಡು, “ಬೋರ್ಡ್ ಮೇಲೆ ಐತಲ್ಲಪ್ಪ, ಬರ್ತಾರೆ” ಎನ್ನುವರು.

ಒಂದು ಶನಿವಾರ ಸಂಜೆ, ಹೊಳಲ್ಕೆರೆಗೆ ಹೊರಟಿದ್ದ ಪಿಟೀಲು ವಿದ್ವಾಂಸರೊಬ್ಬರು ಬಸ್ಸಿನ ಕಿಟಕಿಯಿಂದ ಆ ಬೋರ್ಡಿನಲ್ಲಿ ತಮ್ಮ ಹೆಸರನ್ನೇ ಕಂಡು ಕೆಂಡವಾಗಿ ಇಳಿದು ಬಂದರು.

“ನನ್ನನ್ನ ಯಾರ್ರೀ ಕೇಳಿದ್ದು?”

“ಈಗ ಕೇಳ್ತಿದೀನಲ್ರಿ. ಜನ ಆಗ್ಲೇ ಬಂದು ಕುಂತೈತೆ. ಬರ್ರಿ, ಕುಂತ್ಕಳ್ರಿ,” ಎಂದು ಮೇಷ್ಟ್ರು ಪಿಟೀಲಿನ ಪೆಟ್ಟಿಗೆಯನ್ನು ಇಸಿದುಕೊಂಡೇಬಿಟ್ಟರು.

ವಿದ್ವಾಂಸರು ಬೈಯುತ್ತಲೇ ಕುಳಿತು, ಶ್ರುತಿ ಮಾಡಿಕೊಂಡು ತಲೆಯೆತ್ತಿದರು. ಬಾಗಿಲಲ್ಲಿ ಮೇಷ್ಟ್ರು ಮುಂದಿನ ಶನಿವಾರಕ್ಕೂ ಅದೇ ಹೆಸರು ಬರೆಯುತ್ತಿದ್ದರು.